ಪಾಟೀಸವಾಲು ಮೇಡಮ್ಮಿನ ಕಿವಿ

ಆಕೆಯ ತರಗತಿಯಲ್ಲಿ ಕುರ್ಚಿ ಹಾಕುವ ರೀತಿಯೇ ಬೇರೆ. ಗೋಡೆಯ ಬದಿಗೆ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರ್. ಪಕ್ಕದ ಕುರ್ಚಿ ಪ್ರೋಗ್ರಾಂ ಬರೆದವರಿಗೆ. ಎದುರಿನ ಕುರ್ಚಿ ಆ ಪ್ರೋಗ್ರಾಮಿನಿಂದ ಏಟು ತಿಂದವರಿಗೆ. ಅಂದರೆ ಸಾಲ ಸಿಗದವರು, ಮನೆ ಸಿಗದವರು, ಕೆಲಸದ ಅರ್ಜಿ ಕಸದ ಬುಟ್ಟಿ ಸೇರಿದವರು. ಆ ಪಾತ್ರವನ್ನು ಸಹಪಾಠಿಯೊಬ್ಬ ವಹಿಸಬೇಕು. ಬರೆದವನು ಎದ್ದು ನಿಂತು ಮೊದಲು ಹೇಳಬೇಕಾದ ಮಾತು ಇಷ್ಟು: "ನಾನು ಇಂಥವನು. ಈ ತೀರ್ಮಾನ ನನ್ನದು. ಯಾಕೆ ಅಂತ ಕೇಳಿ." ಇಂಥವನು ಅನ್ನುವ ಜಾಗದಲ್ಲಿ ಅವನ ಹೆಸರು. ಆಮೇಲೆ ಎದುರಿನವನು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಕೊಡುವಾಗ "ಕಂಪ್ಯೂಟರ್ ಹೇಳ್ತು" ಅನ್ನುವ ಮಾತು ಬಾಯಿಂದ ಬಿತ್ತೋ, ಅಲ್ಲಿಗೆ ಮುಗಿಯಿತು.

"ಕಂಪ್ಯೂಟರ್ ಹೇಳ್ತು ಅಂದ್ರೆ? ಅದಕ್ಕೆ ಬಾಯಿ ಇದ್ಯಾ?" ಎಂದು ಒಬ್ಬ ಹುಡುಗನನ್ನು ಹಿಡಿದುಕೊಂಡಿದ್ದಳು.

"ಇಲ್ಲ ಮೇಡಂ."

"ಮತ್ತೆ ಯಾರು ಹೇಳಿದ್ದು?"

"ಪ್ರೋಗ್ರಾಂ, ಮೇಡಂ."

"ಆ ಪ್ರೋಗ್ರಾಂ ಯಾರಪ್ಪಂದು?"

ಹುಡುಗ ತಲೆ ಕೆರೆದುಕೊಂಡ. "ನಮ್ಮಪ್ಪಂದಲ್ಲ ಮೇಡಂ, ನಂದೇ."

ತರಗತಿ ಘೊಳ್ಳೆಂದಿತು. "ಹಾಂ, ಈಗ ದಾರಿಗೆ ಬಂದೆ. ಮುಂದೆ ಹೇಳು" ಅಂದಳು.

ಹೀಗೆ ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿ ಕೆದಕಿದ ಹಾಗೆ ಕೆದಕುವುದರಿಂದಲೇ ಆಕೆಗೆ ಪಾಟೀಸವಾಲು ಮೇಡಂ ಎಂಬ ಹೆಸರು ಬಿತ್ತು. ಕಂಪ್ಯೂಟರ್ ವಿಭಾಗದವರು ಲಾಯರಮ್ಮ ಅನ್ನುತ್ತಿದ್ದರು. ಕಾನೂನು ವಿಭಾಗದವರು ಮೆಷಿನ್ನಮ್ಮ ಅನ್ನುತ್ತಿದ್ದರು. ಇಬ್ಬರೂ ಹಿಂದಿನಿಂದಲೇ ಅನ್ನುತ್ತಿದ್ದದ್ದು. ಎದುರಿಗೆ ಅನ್ನುವ ಗಂಡು ಎರಡು ಕಟ್ಟಡದಲ್ಲೂ ಇರಲಿಲ್ಲ.

ಆಕೆಯ ಅಪ್ಪ ಕೋರ್ಟಿನ ಹೊರಗಿನ ಜಗಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದವನು. ಜನ ಬಂದು ಗೋಳು ತೋಡಿಕೊಳ್ಳುವರು, ಅವನು ಅದನ್ನು ಹಿಂಡಿ ಅರ್ಧ ಪುಟಕ್ಕೆ ಇಳಿಸುವನು. "ಅಳು ಆಮೇಲೆ ಇಟ್ಕೊ, ಸಂಗತಿ ಹೇಳು" ಅನ್ನುವುದು ಅವನ ಕಾಯಂ ಮಾತು. ತಡವರಿಸುವವರನ್ನು ಕಂಡರೆ ಅವನಿಗಾಗದು. ನಿಜಕ್ಕೆ ಹುಡುಕಾಟ ಇರುವುದಿಲ್ಲ, ಸುಳ್ಳು ಹೇಳುವವನೇ ಮಾತಿಗೆ ತಡಕಾಡುವುದು ಎಂದು ನಂಬಿದ್ದ. ದೊಡ್ಡ ಮಗಳು ಅಪ್ಪನ ಪಕ್ಕದಲ್ಲಿ ಕೂತು ಟೈಪಿಂಗ್ ಕಲಿತಳು. ಅಪ್ಪನ ಅವಸರವನ್ನೂ ಕಲಿತಳು.

ಟೈಪಿಂಗಿನಿಂದ ಕಂಪ್ಯೂಟರಿಗೆ ಬಂದಳು. ಓದು ಮುಗಿದ ಮೇಲೆ ವಸತಿ ಇಲಾಖೆಯಲ್ಲಿ ಕೆಲಸ. ಸರ್ಕಾರಿ ಮನೆ ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂದು ವಿಂಗಡಿಸುವ ಪ್ರೋಗ್ರಾಮನ್ನು ಬರೆದವಳು ಆಕೆಯೇ. ಮೇಲಿನವರು ಹೇಳಿದ ಷರತ್ತುಗಳನ್ನು ಒಂದೊಂದಾಗಿ ಕೂರಿಸಿದ್ದಳು. ಅದರಲ್ಲೊಂದು, ಪದೇ ಪದೇ ವಿಳಾಸ ಬದಲಾಯಿಸಿದವರು ಊರಿನ ಕಾಯಂ ನಿವಾಸಿಗಳಲ್ಲ ಅನ್ನುವುದು. ಕಟ್ಟಡ ಕೆಲಸದವರು ಕಟ್ಟಡ ಎಲ್ಲಿದೆಯೋ ಅಲ್ಲಿರುತ್ತಾರೆ. ಊರಿನ ಅರ್ಧ ಮನೆ ಕಟ್ಟಿದ ಮೇಸ್ತ್ರಿಗಳಿಗೆ ಆ ಊರಲ್ಲಿ ಮನೆ ಇಲ್ಲ ಅಂತಾಯಿತು. ಕೌಂಟರಿನ ಗುಮಾಸ್ತ ಬಂದವರಿಗೆಲ್ಲ ಒಂದೇ ಮಾತು ಹೇಳಿ ಕಿಟಕಿ ಹಾಕಿಕೊಳ್ಳುತ್ತಿದ್ದ: "ಕಂಪ್ಯೂಟರ್ ಹೇಳ್ತಿದೆ, ನಾನೇನ್ ಮಾಡ್ಲಿ?"

ನಾವು ಹೋರಾಟದವರು ಆ ಕಚೇರಿಯ ಮುಂದೆ ಧರಣಿ ಕೂತೆವು. ಕಂಪ್ಯೂಟರಿಗೆ ಧಿಕ್ಕಾರ ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಾಗ, ಒಳಗಿನಿಂದ ತೆಳ್ಳಗಿನ ಹೆಂಗಸೊಬ್ಬಳು ಬಂದು ಮೆಟ್ಟಿಲ ಮೇಲೆ ನಿಂತಳು.

"ಕಂಪ್ಯೂಟರಿಗೆ ಯಾಕ್ರೀ ಕೂಗ್ತೀರಿ? ಅದಕ್ಕೆ ಕೇಳ್ಸಲ್ಲ. ಆ ಷರತ್ತು ಬರೆದವಳು ನಾನು. ನನಗೆ ಕೂಗಿ."

ನಮ್ಮ ಘೋಷಣೆ ನಿಂತುಹೋಯಿತು. ಇಷ್ಟು ವರ್ಷ ಎಷ್ಟೋ ಕಚೇರಿಗಳ ಮುಂದೆ ಕೂತಿದ್ದೇವೆ. ಒಳಗಿನಿಂದ ಪೊಲೀಸರು ಬಂದಿದ್ದಾರೆ, ನೀರು ಬಂದಿದೆ, ಸುಳ್ಳು ಭರವಸೆ ಬಂದಿದೆ. ತಪ್ಪು ನನ್ನದು ಅಂತ ಒಬ್ಬರೂ ಬಂದಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಕಾರ್ಯಕರ್ತ ಮೈಕ್ ಕೆಳಗಿಟ್ಟು, "ಇದಕ್ಕೆ ನಾವು ತಯಾರಿ ಮಾಡ್ಕೊಂಡಿಲ್ವಲ್ರೋ" ಎಂದು ಗೊಣಗಿದ.

ಆ ಷರತ್ತು ಹೋಯಿತು. ಆಕೆಯ ಕೆಲಸವೂ ಹೋಯಿತು. ಆಕೆ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದಳು. ಆಮೇಲೆ ಯಂತ್ರ ಕೊಟ್ಟ ತೀರ್ಮಾನಕ್ಕೆ ಹೊಣೆ ಯಾರು ಎಂಬ ವಿಷಯ ಹಿಡಿದು ಸಂಶೋಧನೆ ಮಾಡಿದಳು. ಕಾನೂನಿನವರು ಇದು ಕಂಪ್ಯೂಟರಿನವರ ತಲೆನೋವು ಅಂದರು. ಕಂಪ್ಯೂಟರಿನವರು ಇದು ವಕೀಲರ ಹರಟೆ ಅಂದರು. ಎರಡು ಮನೆಯವರು ಕರೆದ ನೆಂಟ ಉಪವಾಸ ಬಿದ್ದ ಕತೆ. ಕೊನೆಗೆ ವಿಶ್ವವಿದ್ಯಾಲಯದವರು ಎರಡು ಕಟ್ಟಡಗಳ ನಡುವಿನ ಮೆಟ್ಟಿಲ ಕೆಳಗೆ ಮುರಿದ ಕುರ್ಚಿಗಳನ್ನು ತುಂಬುತ್ತಿದ್ದ ಕೋಣೆಯನ್ನು ಆಕೆಗೆ ಕೊಟ್ಟರು. ಮೇಲೆ ಯಾರಾದರೂ ಹತ್ತಿದರೆ ಕೋಣೆಯೊಳಗೆ ಸುಣ್ಣ ಉದುರುತ್ತಿತ್ತು. ಅಲ್ಲಿಂದಲೇ ಕಂಪ್ಯೂಟರ್ ಹುಡುಗರಿಗೆ ಕಾನೂನು, ಕಾನೂನು ಹುಡುಗರಿಗೆ ಕಂಪ್ಯೂಟರ್ ಹೇಳಿಕೊಟ್ಟಳು. ಬರಗಾಲದಲ್ಲಿ ಕೊಡೆ ಮಾರಿದ ಹಾಗೆ. ಆಮೇಲೆ ಕೃತಕ ಬುದ್ಧಿಮತ್ತೆಯ ಸುದ್ದಿ ಎಲ್ಲ ಕಡೆ ಎದ್ದಿತು, ಮಳೆ ಶುರುವಾಯಿತು, ಕೊಡೆಗೆ ಜನ ಮುಗಿಬಿದ್ದರು.

ಜನ ಮುಗಿಬಿದ್ದದ್ದೇ ತೊಡಕಾಯಿತು. ಹುಡುಗರು ಪ್ರೋಗ್ರಾಮನ್ನು ಬೇರೆಯವರಿಂದಲೋ ಯಂತ್ರದಿಂದಲೋ ಬರೆಸಿ ತರುವ ಕಾಲ ಅದು. ಯಾರು ಸ್ವಂತ ಬರೆದರು, ಯಾರು ಬರೆಸಿದರು ಎಂದು ತಿಳಿಯಲು ಆಕೆಯ ಪಾಟೀಸವಾಲಿಗಿಂತ ಒಳ್ಳೆಯ ದಾರಿ ಇಲ್ಲ ಎಂದು ವಿಶ್ವವಿದ್ಯಾಲಯ ಅದನ್ನೇ ನಿಯಮ ಮಾಡಿತು. ತಾನು ಬರೆದದ್ದನ್ನು ಬಾಯಿಬಿಟ್ಟು ವಿವರಿಸಲಾರದವರು ಬರೆದವರಲ್ಲ. ನಿಯಮದ ಈ ಸಾಲು ಆಕೆಯದೇ. ಬರೆದವರಲ್ಲ ಎಂದಾದರೆ ಶಿಸ್ತು ಸಮಿತಿ, ಅಲ್ಲಿಂದ ಮನೆ. ಆದರೆ ಅಷ್ಟು ಜನರನ್ನು ಕೂರಿಸಿ ಕೇಳಲು ಒಬ್ಬಳ ಕೈಯಲ್ಲಿ ಹೇಗಾಗಬೇಕು?

ಆಕೆಗೊಂದು ವಕೀಲಿ ಚಾಳಿ ಇತ್ತು. ಯಾರಾದರೂ ತಕರಾರು ತೆಗೆದರೆ ಮತ್ತೆ ಕೇಳಲೆಂದು ಪ್ರತಿಯೊಂದು ಪಾಟೀಸವಾಲನ್ನೂ ಧ್ವನಿಮುದ್ರಿಸಿ, ಪಕ್ಕದಲ್ಲಿ ಸ್ವಂತದ್ದು, ಕದ್ದದ್ದು ಎಂದು ಗುರುತು ಹಾಕಿಟ್ಟಿದ್ದಳು. ಆಕೆಯ ಹಳೆಯ ಶಿಷ್ಯನೊಬ್ಬ ಈಗ ಅಲ್ಲೇ ಮೇಷ್ಟ್ರಾಗಿದ್ದ. ಚಿಕ್ಕ ಮೇಷ್ಟ್ರು ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಅವನು ಆ ಧ್ವನಿಗಳನ್ನೂ ಗುರುತುಗಳನ್ನೂ ಯಂತ್ರಕ್ಕೆ ತಿನ್ನಿಸಿ, ತಾನೇ ಕೇಳಿ, ಸ್ವಂತದ್ದೋ ಕದ್ದದ್ದೋ ಎಂದು ತಾನೇ ಹೇಳುವ ಹಾಗೆ ಅದನ್ನು ತಯಾರು ಮಾಡಿದ. ಹುಡುಗರು ಅದಕ್ಕೆ ಕಿವಿ ಎಂದು ಹೆಸರಿಟ್ಟರು.

"ಇದು ನಿಮ್ಮ ಕಿವೀನೇ ಮೇಡಂ. ಸುಸ್ತಾಗಲ್ಲ ಅಷ್ಟೆ" ಅಂದಿದ್ದ ಚಿಕ್ಕ ಮೇಷ್ಟ್ರು.

ಆಕೆ ಸುಮ್ಮನೆ ಒಪ್ಪಲಿಲ್ಲ. ಒಂದಿಡೀ ವರ್ಷ ತಾನೂ ಕೇಳಿದಳು, ಕಿವಿಗೂ ಕೇಳಿಸಿದಳು. ಎರಡೂ ತೀರ್ಪು ತಾಳೆಯಾದವು. ಮತ್ತೆ ಮತ್ತೆ ತಾಳೆಯಾದವು. ಆಕೆಗೆ ನಂಬಿಕೆ ಬಂತು. ನಮ್ಮ ಮಾತನ್ನೇ ತಿರುಗಿ ಹೇಳುವವನು ಬುದ್ಧಿವಂತನಾಗಿ ಕಾಣುವುದು ಲೋಕದಲ್ಲಿ ಹೊಸದೇನಲ್ಲ. ಸಭೆಗಳಲ್ಲಿ ನಾವೂ ಅಂಥವನನ್ನೇ ಕಾರ್ಯದರ್ಶಿ ಮಾಡುವುದು.

ಒಂದು ದಿನ ಮಧ್ಯಾಹ್ನ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲನ್ನು ಯಾರೋ ಬಡಿದರು. ಬಡಿದದ್ದಲ್ಲ, ಬಸ್ಸಿನ ತಗಡು ತಟ್ಟಿದ ಹಾಗೆ ತಟ್ಟಿದರು. ಬಾಗಿಲಲ್ಲಿ ಬಸ್ ಕಂಡಕ್ಟರ್ ಹೆಂಗಸು, ಸಮವಸ್ತ್ರದಲ್ಲೇ, ಹೆಗಲ ಮೇಲೆ ಚರ್ಮದ ಚೀಲ.

"ಪಾಟೀಸವಾಲು ಮೇಡಂ ಅಂದ್ರೆ ನೀವೇನಾ?"

"ಹೌದು. ತಾವು?"

"ನಾನು ಕಳ್ಳಿಯ ಅಮ್ಮ."

"ಯಾವ ಕಳ್ಳಿ?"

"ನಿಮ್ಮ ಮೆಷಿನ್ನು ಕಳ್ಳಿ ಅಂದಿದ್ಯಲ್ಲ, ಕೊನೆ ವರ್ಷದ ಹುಡುಗಿ. ಅವಳನ್ನ ಹೆತ್ತವಳು ನಾನೇ."

"ಕೂತ್ಕೊಳ್ಳಿ."

"ಕೂತು ಅಭ್ಯಾಸ ಇಲ್ಲ ನಂಗೆ. ನಿಂತೇ ಹೇಳ್ತೀನಿ."

ಕಂಡಕ್ಟರಮ್ಮನ ಧ್ವನಿ ಹಿಂದಿನ ಬಾಗಿಲಿನವರೆಗೂ ಮುಟ್ಟಬೇಕಾದ ಧ್ವನಿ. ಮೇಲಿನ ಮೆಟ್ಟಿಲಲ್ಲಿ ಹೋಗುತ್ತಿದ್ದವರು ನಿಂತರು. ಮೇಡಂ ಸಮಾಧಾನವಾಗಿ ಹೇಳಿದಳು: "ನೋಡಿ, ಕಿವಿ ಹೇಳಿದ್ದೇ ಕೊನೆ ಅಲ್ಲ. ಸಮಿತಿ ಇದೆ. ಅಲ್ಲಿ ಬಂದು ಬಾಯಿಬಿಟ್ಟು ವಿವರಿಸಿದ್ರೆ ಮುಗೀತು."

"ಅದೇ ಅಲ್ವಾ ಮೇಡಂ ಕಷ್ಟ. ಅವಳಿಗೆ ಉಗ್ಗು."

"ಉಗ್ಗಾ? ತರಗತಿಯಲ್ಲಿ ಮಾತಾಡ್ತಾಳಲ್ಲ. ಕಡಿಮೆ ಆಡ್ತಾಳೆ, ಆದ್ರೆ ಉಗ್ಗಿದ್ದು ನಾನು ಕಾಣೆ."

"ಕಾಣದ ಹಾಗೇ ಆಡೋದು. ತುಟಿ ಮುಚ್ಚಿ ಶುರು ಮಾಡೋ ಮಾತು ಸಿಕ್ಕಿಕೊಳ್ಳುತ್ತೆ ಅವಳಿಗೆ. ಅದಕ್ಕೆ ಅಂಥ ಮಾತು ಬಂದ್ರೆ ಪಕ್ಕಕ್ಕೆ ಸರಿಸಿ ಬೇರೆ ಮಾತು ಹಾಕ್ತಾಳೆ. ಬಸ್ಸು ಅನ್ನಲ್ಲ, ಗಾಡಿ ಅಂತಾಳೆ. ತಾಯಿ ಬಸ್ಸಲ್ಲಿ ದುಡಿಯೋದು, ಮಗಳಿಗೆ ಬಸ್ಸು ಅನ್ನೋಕೆ ಬರಲ್ಲ, ನೋಡಿ ತಮಾಷೆ. ನಿಮ್ಮನ್ನ ಯಾವತ್ತಾದ್ರೂ ಮೇಡಂ ಅಂದಿದ್ದಾಳಾ?"

ಮೇಡಂ ನೆನಪಿಸಿಕೊಂಡಳು. ಹುಡುಗಿ ಟೀಚರ್ ಅನ್ನುತ್ತಿದ್ದಳು. ಇದೇನು ಒಂದನೇ ಕ್ಲಾಸಾ ಎಂದು ಉಳಿದವರು ನಗುತ್ತಿದ್ದರು.

"ಎಲ್ಲ ಮಾತಿಗೂ ಬದಲಿ ಸಿಗುತ್ತೆ," ಕಂಡಕ್ಟರಮ್ಮನ ಧ್ವನಿ ಮೊದಲ ಸಲ ಇಳಿಯಿತು. "ಹೆಸರಿಗೆ ಎಲ್ಲಿಂದ ತರೋದು? ನೀವು ಎದ್ದು ನಿಂತು ಮೊದಲು ಹೆಸರು ಹೇಳು ಅಂತೀರಿ. ಅಲ್ಲೇ ಸಿಕ್ಕಿಬಿದ್ಳು. ಆ ಹೆಸರಿಟ್ಟವಳು ನಾನು. ಬೇಕಾದ್ರೆ ನನ್ನ ಹಿಡಿದು ಸಮಿತಿಗೆ ಹಾಕಿ."

"ಮೊದಲೇ ಹೇಳಬೇಕಿತ್ತು. ವಿನಾಯಿತಿ ಕೊಡ್ತಿದ್ವಿ."

"ಹೇಳೋಕೇ ಆಗದವಳು ಹೇಳಬೇಕಿತ್ತು ಅಂತೀರಲ್ಲ, ನೀವು ಓದಿದವರು. ಬರ್ತೀನಿ, ನನ್ನ ಬಸ್ಸು ಹೊರಡುತ್ತೆ."

ಮೇಡಂ ಆ ಹುಡುಗಿಯ ಪಾಟೀಸವಾಲಿನ ಧ್ವನಿಯನ್ನು ಹಾಕಿಕೊಂಡು ಕೇಳಿದಳು. "ನಾನು" ಅಂತ ಒಂದು ಸಲ. ಆಮೇಲೆ ಬರೀ ಉಸಿರು. ಕುರ್ಚಿ ಸರಿದ ಸದ್ದು. ಮತ್ತೆ "ನಾನು". ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಹೊತ್ತು ಮುಗಿದ ಗಂಟೆ. ತಾನೇ ಅಲ್ಲಿ ಕೂತಿದ್ದರೂ ಏನು ಗುರುತು ಹಾಕುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ತಡಕಾಡಬೇಕಾಗಲಿಲ್ಲ.

ಪ್ರೋಗ್ರಾಮನ್ನು ತೆರೆದಳು. ಬಾಡಿಗೆ ತಕರಾರುಗಳನ್ನು ವಿಂಗಡಿಸುವ ಪ್ರೋಗ್ರಾಂ. ಅದರಲ್ಲಿ ಬರುವ ಸಂಗತಿಗಳಿಗೆಲ್ಲ ಬರೆಯುವವರು ಒಂದೊಂದು ಹೆಸರು ಇಟ್ಟುಕೊಳ್ಳಬೇಕು. ಯಂತ್ರಕ್ಕೆ ಯಾವ ಹೆಸರಾದರೂ ಒಂದೇ. ಉಳಿದವರೆಲ್ಲ ಬಾಡಿಗೆ, ಬಾಕಿ, ಮಾಲೀಕ, ಪುರಾವೆ ಎಂದು ಇಟ್ಟಿದ್ದರು. ಈ ಹುಡುಗಿ ತಿಂಗಳಹಣ, ಉಳಿದದ್ದು, ಯಜಮಾನ, ಆಧಾರ ಎಂದು ಇಟ್ಟಿದ್ದಳು. ಉದ್ದಕ್ಕೂ ಹಾಗೆಯೇ. ತುಟಿ ಮುಚ್ಚಿ ಶುರುವಾಗುವ ಹೆಸರು ಒಂದೂ ಇಲ್ಲ. ಮೊದಲ ಸಾಲು ಬರೆಯುವ ಮೊದಲೇ, ಇದನ್ನು ಎದ್ದು ನಿಂತು ಹೇಳಬೇಕಲ್ಲ ಎಂದು ಹೆದರಿ, ಹೇಳಲು ಬರುವ ಮಾತುಗಳಲ್ಲೇ ಇಡೀ ಪ್ರೋಗ್ರಾಮನ್ನು ಕಟ್ಟಿದ್ದಳು.

ಆಕೆ ಚಿಕ್ಕ ಮೇಷ್ಟ್ರನ್ನು ಕರೆಸಿದಳು.

"ಮಾತು ನಿಂತ್ರೆ ಕಳ್ಳತನ ಅಂತ ಕಿವಿಗೆ ಹೇಳಿಕೊಟ್ಟವರು ಯಾರಪ್ಪ?"

"ಯಾರೂ ಹೇಳಿಕೊಟ್ಟಿಲ್ಲ ಮೇಡಂ, ಅದೇ ಹುಡುಕಿಕೊಂಡಿದೆ." ಅವನು ಹಿಂಜರಿದ. "ನೀವು ಕದ್ದದ್ದು ಅಂತ ಗುರುತು ಹಾಕಿದ ಕಡೆಯೆಲ್ಲ ಮಾತಿನ ನಡುವೆ ಬಿಡುವು ಜಾಸ್ತಿ ಇತ್ತು. ಬೇರೆ ಸುಳಿವುಗಳೂ ಇದ್ವು. ಇದೇ ಎಲ್ಲಕ್ಕಿಂತ ಜೋರು."

"ಅಂದ್ರೆ ನಾನು ಹೇಳಿಕೊಟ್ಟೆ."

"ಹಾಗಲ್ಲ ಮೇಡಂ—"

"ಹಾಗೇ ಕಣೋ. ಸುತ್ತಿ ಬಳಸಿ ಹೇಳೋಕೆ ನಾನು ನಿನಗೆ ಕಲಿಸಿದ್ನಾ?"

ರಜಾದಿನ ಮನೆಯಲ್ಲಿ ಕೂತು ಹಳೆಯ ಧ್ವನಿಗಳನ್ನು ಕೇಳತೊಡಗಿದಳು. ಮನೆಯಲ್ಲಿ ಆಕೆ ಮತ್ತು ವಿಧವೆ ತಂಗಿ ಇಬ್ಬರೇ. ತಂಗಿ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದು ನಿವೃತ್ತಳಾದವಳು, ಮನೆಯನ್ನೂ ವಾರ್ಡಿನ ಹಾಗೆಯೇ ನಡೆಸುವವಳು. ಕದ್ದದ್ದು ಎಂದು ಗುರುತಿದ್ದ ಹೆಚ್ಚಿನವು ನಿಜಕ್ಕೂ ಕದ್ದವೇ. ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲ. ಆದರೆ ನಡುವೆ ಒಬ್ಬ ಹುಡುಗ ಸಿಕ್ಕ. ಪ್ರಶ್ನೆ ಕೇಳಿದರೆ ಸುಮ್ಮನಾಗುತ್ತಾನೆ. ಆಮೇಲೆ ಉತ್ತರ ಕೊಡುತ್ತಾನೆ, ಉತ್ತರ ಸರಿಯಿರುತ್ತದೆ. ಮತ್ತೆ ಪ್ರಶ್ನೆ, ಮತ್ತೆ ಮೌನ, ಮತ್ತೆ ಸರಿಯುತ್ತರ. ಅವನು ಉಗ್ಗುವುದಿಲ್ಲ, ತಡವರಿಸುವುದಿಲ್ಲ. ಯೋಚಿಸುತ್ತಾನೆ, ಅಷ್ಟೆ. ಮೂರನೆಯ ಮೌನದೊಳಗೆ ಆಕೆಯದೇ ಎಳೆಯ ಧ್ವನಿ ನುಗ್ಗಿತು: "ಏನಪ್ಪ, ಬರೆದುಕೊಟ್ಟವನು ಇದಕ್ಕೆ ಉತ್ತರ ಹೇಳಿಕೊಟ್ಟಿಲ್ವಾ?" ತರಗತಿ ನಕ್ಕಿತು. ಆಮೇಲೆ ಅವನು ಮಾತಾಡಲೇ ಇಲ್ಲ. ಅವನು ಅದೇ ವರ್ಷ ಓದು ಬಿಟ್ಟು ಹೋಗಿದ್ದ.

"ಏನಕ್ಕ, ಮುಖ ಮೊಳದುದ್ದ ಆಗಿದೆ?" ತಂಗಿ ಚಹಾ ತಂದಿಟ್ಟಳು. ಅಕ್ಕ ಇದ್ದದ್ದನ್ನು ಹೇಳಿದಳು.

"ಅಪ್ಪನ ಮಗಳಲ್ವಾ ನೀನು," ತಂಗಿ ಅಂದಳು. "ನಾನು ಯೋಚಿಸಿ ಬಾಯಿ ತೆರೆಯೋದ್ರೊಳಗೆ ಬೆನ್ನ ಮೇಲೆ ಬಿದ್ದಿರ್ತಿತ್ತು. ನೀನು ಪಟಪಟ ಅಂತ ಹೇಳಿ ತಪ್ಪಿಸ್ಕೊಳ್ತಿದ್ದೆ. ಸುಳ್ಳೇ ಆದ್ರೂ ಪಟಪಟ."

"ನಾನು ಸುಳ್ಳು ಹೇಳ್ತಿದ್ನಾ?"

"ನೋಡು, ಈಗ ಎಷ್ಟು ಬೇಗ ಕೇಳಿದೆ."

ಅಕ್ಕ ನಗಲಿಲ್ಲ. "ಆ ಹುಡುಗಿಗೆ ವಿನಾಯಿತಿ ಕೊಡಿಸಿದ್ರೆ ಸಾಲದು" ಅಂದಳು.

ಸಮಿತಿಯ ಅಧ್ಯಕ್ಷರು ಕಾನೂನು ವಿಭಾಗದ ಮುಖ್ಯಸ್ಥರು. ಕಿವಿಯ ಬಗ್ಗೆ ತಜ್ಞ ಸಾಕ್ಷಿಯಾಗಿ ಅವರು ಮೇಡಮ್ಮನ್ನೇ ಕರೆದಿದ್ದರು. ವಿಚಾರಣೆಯ ದಿನ ಕಾರಿಡಾರಿನಲ್ಲಿ ಪಕ್ಕಕ್ಕೆ ಕರೆದು, "ಉಗ್ಗು ಅಂತ ವೈದ್ಯರ ಸರ್ಟಿಫಿಕೇಟ್ ಕೊಡ್ಲಿ, ಹುಡುಗಿಗೆ ವಿನಾಯಿತಿ ಕೊಟ್ಟು ಕಳಿಸೋಣ. ಕಿವೀನ ಮುಟ್ಟೋದು ಬೇಡ. ಬೇರೆ ಕಾಲೇಜುಗಳೂ ಕೇಳ್ತಿದ್ದಾವೆ. ಅದಕ್ಕೆ ಅಂತಲೇ ಒಂದು ಕೇಂದ್ರ ಆಗುತ್ತೆ, ಅದರ ಕುರ್ಚಿ ನಿಮ್ಮದು. ಆ ಮೆಟ್ಟಿಲ ಕೆಳಗಿಂದ ಹೊರಗೆ ಬನ್ನಿ ಮಾರಾಯ್ತಿ" ಅಂದರು. ಕೆಟ್ಟ ಮನುಷ್ಯರಲ್ಲ. ಆಕೆಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು.

ಒಳಗೆ ಉದ್ದ ಮೇಜಿನ ಆಚೆ ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು. ಈಚೆ ಹುಡುಗಿ. ಬಾಗಿಲ ಹತ್ತಿರ ಕಂಡಕ್ಟರಮ್ಮ, ಇಲ್ಲಿಯೂ ನಿಂತೇ. ಅಧ್ಯಕ್ಷರು ವಿನಾಯಿತಿಯ ಮಾತು ಎತ್ತಿದರು. ಹುಡುಗಿ ತಲೆಯಾಡಿಸಿದಳು.

"ವಿನಾಯಿತಿ ತಗೊಳ್ಳಲ್ಲ ಸರ್."

"ಯಾಕಮ್ಮ? ನಿನ್ನ ಒಳ್ಳೇದಕ್ಕೆ."

"ತಗೊಂಡ್ರೆ, ಕದ್ದಿದ್ರೂ ಹೋಗ್ಲಿ ಅಂತ ಆಗುತ್ತೆ. ನಾನು ಕದ್ದಿಲ್ಲ. ಹೇಳ್ತೀನಿ. ನೀವು ಕಾಯ್ತೀರಾ?"

ಅಧ್ಯಕ್ಷರು ಮೇಡಮ್ಮಿನ ಮುಖ ನೋಡಿದರು. ಮೇಡಂ, "ಕಾಯ್ತಾರೆ" ಅಂದಳು.

ಹುಡುಗಿ ಎದ್ದು ನಿಂತಳು. "ನಾನು" ಅಂದಳು. ತುಟಿ ಮುಚ್ಚಿತು. ತೆರೆಯಲಿಲ್ಲ. ನೋಡಲು ಚೆಂದದ ದೃಶ್ಯವಾಗಿರಲಿಲ್ಲ ಅದು. ಕತ್ತಿನ ನರ ಉಬ್ಬಿದವು, ಒಂದು ಕಣ್ಣು ಮುಚ್ಚಿಕೊಂಡಿತು, ಗದ್ದ ಅದುರಿತು. ಒಬ್ಬ ಸದಸ್ಯರು ಕಾಗದಗಳನ್ನು ಜೋಡಿಸಿದ್ದನ್ನೇ ಮತ್ತೆ ಜೋಡಿಸಿದರು. ಇನ್ನೊಬ್ಬರು ಕನಿಕರಪಟ್ಟು ಅವಳ ಹೆಸರನ್ನು ತಾವೇ ಹೇಳಲು ಬಾಯಿ ತೆರೆದರು. ಮೇಡಂ ಕೈಯೆತ್ತಿ ತಡೆದಳು. ಬಾಗಿಲ ಬಳಿ ಊರಿಗೇ ಕೇಳುವ ಧ್ವನಿಯವಳು ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದು ತುಟಿ ಕಚ್ಚಿಕೊಂಡಿದ್ದಳು. ಕೊನೆಗೆ ಹೆಸರು ಬಂತು. ಒಡೆದು, ಮೂರು ತುಂಡಾಗಿ ಬಂತು.

"ಈ ತೀರ್ಮಾನ ನನ್ನದು. ಯಾಕೆ ಅಂತ ಕೇಳಿ." ಇದು ಸಲೀಸಾಗಿ ಬಂತು.

ಮೇಡಂ ಕೇಳಿದಳು: "ಎಲ್ಲರೂ ಬಾಡಿಗೆ ಅಂತ ಬರೆದಿದ್ದಾರೆ. ನೀನು ತಿಂಗಳಹಣ ಅಂತ ಯಾಕೆ ಬರೆದೆ?"

"ಇಲ್ಲಿ ನಿಂತು ಹೇಳೋದಿರುತ್ತಲ್ಲ ಟೀಚರ್. ಅದಕ್ಕೆ."

ಅಧ್ಯಕ್ಷರು ಹಳೆಯ ವಕೀಲರು, ಅಷ್ಟಕ್ಕೇ ಬಿಡುವವರಲ್ಲ. "ಬೇರೆಯವರದ್ದನ್ನ ತಂದು ಹೆಸರು ಮಾತ್ರ ಬದಲಾಯಿಸಿರಬಹುದಲ್ಲ?"

"ಇರಬಹುದು," ಮೇಡಂ ಅಂದಳು. "ಅವಳು ಇಲ್ಲೇ ಇದ್ದಾಳಲ್ಲ, ಕೇಳಿ."

ಅವರು ಕೇಳಿದರು, ಚೆನ್ನಾಗಿಯೇ ಕೇಳಿದರು. ಒಬ್ಬ ಬಾಡಿಗೆದಾರ ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕಳಿಸಿದ್ದಾನೆ, ಮಾಲೀಕ ಬೇಕೆಂದೇ ತೆಗೆದುಕೊಂಡಿಲ್ಲ. ನಿನ್ನ ಪ್ರೋಗ್ರಾಂ ಅವನನ್ನು ಬಾಕಿದಾರ ಅನ್ನುತ್ತದೋ ಇಲ್ಲವೋ? ಹುಡುಗಿ ನಡುನಡುವೆ ಸಿಕ್ಕಿಕೊಂಡಳು, ಬಿಡಿಸಿಕೊಂಡಳು. ಅನ್ನುವುದಿಲ್ಲ ಎಂದು ಯಾವ ಸಾಲಿನಲ್ಲಿ ಬರೆದಿದೆಯೋ ಅಲ್ಲಿಗೆ ಬೆರಳಿಟ್ಟು ವಿವರಿಸಿದಳು. ಅದೇ ಪ್ರಶ್ನೆಯನ್ನು ತಿರುಚಿ ಕೇಳಿದಾಗ, ಅಲ್ಲಿ ತನ್ನ ಪ್ರೋಗ್ರಾಂ ತಪ್ಪು ಹೇಳುತ್ತದೆ ಎಂದು ತಾನೇ ಒಪ್ಪಿಕೊಂಡಳು. ಚಹಾ ತಣ್ಣಗಾಯಿತು. ಮುಂದಿನ ವಿಚಾರಣೆಗೆ ಬಂದವರು ಬಾಗಿಲಲ್ಲಿ ಇಣುಕಿ ಹೋದರು. ಅಧ್ಯಕ್ಷರು ಕನ್ನಡಕ ತೆಗೆದಿಟ್ಟು, "ಸಾಕಮ್ಮ. ನಿನ್ನದೇ" ಅಂದರು.

ಹುಡುಗಿಯ ವಿಚಾರ ಅಲ್ಲಿಗೆ ಇತ್ಯರ್ಥವಾಯಿತು. ಮೇಡಮ್ಮಿನದು ಆಗ ಶುರುವಾಯಿತು.

"ಹಾಗಾದ್ರೆ ಈ ಒಂದು ಪ್ರಕರಣದಲ್ಲಿ ಕಿವಿ ತಪ್ಪು ಮಾಡಿದೆ ಅಂತ ಬರ್ಕೊಳ್ತೀನಿ" ಎಂದರು ಅಧ್ಯಕ್ಷರು.

"ತಪ್ಪು ಮಾಡಿಲ್ಲ ಸಾರ್. ನಾನು ಏನು ಮಾಡ್ತಿದ್ನೋ ಅದನ್ನೇ ಮಾಡಿದೆ. ನಾನು ಕೂತಿದ್ರೂ ಕಳ್ಳಿ ಅಂತಲೇ ಬರೀತಿದ್ದೆ."

"ಯಂತ್ರದ ತಪ್ಪನ್ನ ನಿಮ್ಮ ತಲೆ ಮೇಲೆ ಯಾಕೆ ಹಾಕ್ಕೊಳ್ತೀರಿ?"

"ನಂದೇ ಆದ್ದರಿಂದ. ನಾನು ಸರಿಯೋ ಅಂತ ಅದನ್ನ ಕೇಳಿದೆ, ಅದು ಸರಿಯೋ ಅಂತ ನನ್ನ ಕೇಳಿಕೊಂಡೆ. ಇಬ್ಬರೂ ಒಬ್ಬರೇ ಅಂತ ಹೊಳೀಲಿಲ್ಲ. ಇನ್ನೊಂದು ಬರ್ಕೊಳ್ಳಿ. ಆ ಹುಡುಗರು ಧ್ವನಿ ಕೊಟ್ಟದ್ದು ತಕರಾರು ಬಂದ್ರೆ ಮತ್ತೆ ಕೇಳೋಕೆ. ಯಂತ್ರಕ್ಕೆ ಪಾಠ ಹೇಳೋಕಲ್ಲ. ಅವರನ್ನ ಯಾರೂ ಕೇಳಲಿಲ್ಲ. ಕಾನೂನು ಕಲಿಸೋ ನಾನೂ ಕೇಳಲಿಲ್ಲ. ಕೇಳದೆ ತಗೊಂಡದ್ದನ್ನ ಏನಂತಾರೆ ಅಂತ ನಿಮಗೆ ಗೊತ್ತು. ಕಿವಿ ನಿಲ್ಲಬೇಕು."

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಳ್ತಿದ್ದೀರಿ."

"ನನ್ನ ಕಾಲು, ನನ್ನ ಕಲ್ಲು. ಬರ್ಕೊಳ್ಳಿ ಸಾರ್."

ಬರೆದುಕೊಂಡರು. ಕಿವಿ ನಿಂತಿತು. ಕೇಂದ್ರ ಬೇರೆ ಕಡೆಗೆ ಹೋಯಿತು, ಅದರ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ಅವರು ಇನ್ನೊಂದು ಕಿವಿ ಮಾಡುತ್ತಿದ್ದಾರೆಂದು ಕೇಳಿದ್ದೇನೆ, ಮಾಡದೆ ಬಿಡುವ ಜಾತಿಯಲ್ಲ ಅದು. ಬಾಯಿಬಿಟ್ಟು ವಿವರಿಸಲಾರದವರು ಬರೆದವರಲ್ಲ ಎಂಬ ಸಾಲನ್ನು ಹೊಡೆದುಹಾಕಲು ಆಕೆ ಎರಡು ವಿಭಾಗಗಳ ಸಭೆಯಲ್ಲೂ ಜಗಳವಾಡಬೇಕಾಯಿತು. ಬರೆದು ವಿವರಿಸಬಹುದು, ಮನೆಗೆ ಹೋಗಿ ಯೋಚಿಸಿ ಬರಬಹುದು, ತಗಲುವಷ್ಟು ಹೊತ್ತು ತೆಗೆದುಕೊಳ್ಳಬಹುದು ಎಂದು ಸೇರಿಸಿದಳು. ಅಷ್ಟು ಹೊತ್ತು ಯಾರಿಗಿದೆ ಎಂದು ಸಹೋದ್ಯೋಗಿಗಳು ಉಗಿದರು. ತನ್ನ ಕೈಯಲ್ಲಿ ಕೇಳಲಾಗುವಷ್ಟೇ ಮಂದಿಯನ್ನು ತರಗತಿಗೆ ಸೇರಿಸಿಕೊಂಡಳು. ಜಾಗ ಸಿಗದ ಹುಡುಗರೂ ಉಗಿದರು. ಕಂಡಕ್ಟರಮ್ಮನ ಮಗಳು ಪಾಸಾಗಿ ಹೋದಳು, ಥ್ಯಾಂಕ್ಸ್ ಹೇಳಲಿಲ್ಲ. ಹೇಳುವ ಕಾರಣವೂ ಇರಲಿಲ್ಲ. ಕಾಲು ತುಳಿದವರು ಕಾಲೆತ್ತಿದರೆ ಅದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಹಳೆಯ ಧ್ವನಿಗಳನ್ನು ಆಕೆ ಕೂಡಲೇ ಅಳಿಸಲಿಲ್ಲ. ಕದ್ದದ್ದು ಎಂದು ತಾನು ಗುರುತು ಹಾಕಿದ್ದನ್ನೆಲ್ಲ ಬೇರೆ ಇಬ್ಬರು ಮೇಷ್ಟ್ರುಗಳಿಗೆ ಕೇಳಿಸಿದಳು, ಗುರುತನ್ನು ಮುಚ್ಚಿಟ್ಟು. ಅನ್ಯಾಯವಾಗಿದೆ ಎಂದು ಅವರೂ ಹೇಳಿದವರನ್ನು ಹುಡುಕಿಕೊಂಡು ಹೊರಟಳು. ಕೆಲವರು ಫೋನ್ ಇಟ್ಟುಬಿಟ್ಟರು. ಯೋಚಿಸಿ ಉತ್ತರಿಸುತ್ತಿದ್ದ ಆ ಹುಡುಗ ಡ್ರೈವಿಂಗ್ ಶಾಲೆ ನಡೆಸುತ್ತಿದ್ದ. ಆಕೆಗೆ ಬೆನ್ನು ನೋವಿದ್ದ ದಿನ, ತಂಗಿ ಬೇಡವೆಂದರೂ ಕೇಳದೆ ಹೋದಳು. ಧರಣಿಯ ದಿನದಿಂದ ಆಕೆಯ ಪರಿಚಯ ಉಳಿಸಿಕೊಂಡಿದ್ದ ನಾನು ಜೊತೆಗಿದ್ದೆ.

ಒಂದು ಮೈದಾನದ ಅಂಚಿಗೆ ತಗಡಿನ ಶೆಡ್ಡು, ಒಂದು ಮೇಜು, ಗೋಡೆಯಲ್ಲಿ ರಸ್ತೆ ಸಂಕೇತಗಳ ಚಿತ್ರ. ಕಲಿಯುವವನೊಬ್ಬ ಕಾರನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೆಣಗುತ್ತಿದ್ದ. ಪಕ್ಕದಲ್ಲಿ ಕೂತ, ತಲೆ ನರೆತ ಮನುಷ್ಯ ಏನೂ ಹೇಳದೆ ಕಾಯುತ್ತಿದ್ದ. ಆಮೇಲೆ ಇಳಿದು ಬಂದು ಆಕೆಯನ್ನು ನೋಡಿದ. ಗುರುತು ಹತ್ತಿತು. ಕೂತ್ಕೊಳ್ಳಿ ಅನ್ನಲಿಲ್ಲ.

ಆಕೆ ನಿಂತೇ ಎಲ್ಲವನ್ನೂ ಹೇಳಿದಳು. ಆ ದಿನ ನೀನು ಹೇಳಿದ ಉತ್ತರಗಳೆಲ್ಲ ಸರಿಯಿದ್ದವು. ಕಳ್ಳ ಎಂದವಳು ನಾನು, ತಪ್ಪು ನನ್ನದು. ವಿಶ್ವವಿದ್ಯಾಲಯ ನಿನ್ನ ಪರೀಕ್ಷೆಯನ್ನು ಮತ್ತೆ ನಡೆಸಲು ಒಪ್ಪಿದೆ, ಮನಸ್ಸಿದ್ದರೆ ಓದು ಮುಗಿಸಬಹುದು.

"ಈಗ ಬಂದ್ರಾ?" ಅಂದ.

"ಈಗ ಗೊತ್ತಾಯ್ತು."

ಅವನು ಮೈದಾನದ ಕಡೆ ತಿರುಗಿ ನಿಂತ. ಕಲಿಯುವವನು ಇಂಜಿನ್ ಆಫ್ ಮಾಡಿಕೊಂಡ, ಮತ್ತೆ ಹಾಕಿದ, ಮತ್ತೆ ಆಫ್ ಮಾಡಿಕೊಂಡ. ನನಗೆ ಚಡಪಡಿಕೆಯಾಯಿತು, ಏನಾದರೂ ಹೇಳಿ ಮುಗಿಸೋಣ ಅನ್ನಿಸಿತು. ಆಕೆ ನನ್ನ ತೋಳನ್ನು ಒತ್ತಿ ಹಿಡಿದಳು.

"ಬರ್ತೀನಿ," ಕೊನೆಗೆ ಅವನು ಅಂದ. "ಆದ್ರೆ ಪರೀಕ್ಷೆ ನೀವು ತಗೋಬಾರದು."

"ಸರಿ," ಅಂದಳು ಆಕೆ.

ಅವನು ಕಾರಿನ ಕಡೆ ನಡೆದ. ಕಲಿಯುವವನು ಕಾಯುತ್ತಿದ್ದ.